ಕಡಿಮೆ ಬೆಲೆಯ ಮಷಿನ್ ಕೊಂಡು ಮನೆಯ ಕೊಟ್ಟಿಗೆಯಲ್ಲೇ ಕೆಲಸ ಮಾಡುವುದು ಹೇಗೆ?

ತೋಟ ಇರುವ ಮನೆಯಲ್ಲಿ ರಿಪೇರಿ ಕೆಲಸ ಮುಗಿಯುವುದೇ ಇಲ್ಲ. ಇವತ್ತು ಗೇಟಿನ ತಿರುಗಣೆ ಕಿತ್ತು ಬಂದಿರುತ್ತದೆ. ನಾಳೆ ಅಡಿಕೆ ಒಣಗಿಸುವ ಸೋಲಾರ್ ಗೂಡಿನ ಪೈಪು ತುಕ್ಕು ಹಿಡಿದಿರುತ್ತದೆ. ಹಟ್ಟಿಯ ಮಾಡಿನಲ್ಲಿ ಎರಡು ಪಕ್ಕಾಸು ಗೆದ್ದಲಿನ ಪಾಲಾಗಿರುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ನಮ್ಮಂಥವರು ಇಷ್ಟಕ್ಕೆಲ್ಲ ವೆಲ್ಡರನ್ನೋ ಆಚಾರಿಯನ್ನೋ ಕರೆದರೆ ಅವರು ಬರುವಾಗ ವಾರ ದಾಟುತ್ತದೆ. ಅವರದ್ದು ತಪ್ಪಲ್ಲ. ಅರ್ಧ ಗಂಟೆಯ ಕೆಲಸಕ್ಕೆ ದೊಡ್ಡ ಕೆಲಸ ಬಿಟ್ಟು ಬರುವುದು ಅವರಿಗೂ ಕಷ್ಟವೇ.

ಹಾಗಾಗಿ ಒಂದೊಂದೇ ಮಷಿನ್ ಕೊಂಡೆ. ಎಲ್ಲವೂ ಕಡಿಮೆ ಬೆಲೆಯವು. ಕೆಲವು ಬೇಗ ಸುಟ್ಟವು, ಕೆಲವು ಇವತ್ತಿಗೂ ಓಡುತ್ತಿವೆ. ಎರಡರ ನಡುವಿನ ವ್ಯತ್ಯಾಸ ಏನು ಅಂತ ಬಿಚ್ಚಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಉಳಿಸುವುದಾದರೆ ಮಷಿನ್‌ನಲ್ಲಿ ಉಳಿಸಿ. ಅದಕ್ಕೆ ಹಾಕುವ ಡಿಸ್ಕ್, ಅದಕ್ಕೆ ಕರೆಂಟ್ ತರುವ ವಯರ್, ಕಣ್ಣಿಗೆ ಹಾಕುವ ಕನ್ನಡಕ, ಈ ಮೂರರಲ್ಲಿ ಒಂದು ರೂಪಾಯಿ ಕೂಡ ಉಳಿಸಬೇಡಿ.

ಗಂಟೆ ಲೆಕ್ಕ ಹಾಕಿ

ವರ್ಷಕ್ಕೆ ಎಷ್ಟು ಗಂಟೆ ಮಷಿನ್ ಓಡಿಸುತ್ತೀರಿ? ಇಡೀ ದಿನ ಗ್ರೈಂಡರ್ ಹಿಡಿದೆ ಅಂದರೂ ಬಟನ್ ಒತ್ತಿರುವ ಸಮಯ ಒಂದು ಗಂಟೆ ದಾಟುವುದು ಕಷ್ಟ. ಮನೆ ಕೆಲಸದವರಿಗೆ ವರ್ಷಕ್ಕೆ ಇಪ್ಪತ್ತು ಮೂವತ್ತು ಗಂಟೆ ಆದರೆ ಹೆಚ್ಚು. ಇಷ್ಟಕ್ಕೆ ಅಗ್ಗದ ಮಷಿನ್ ಸಾಕು. ದಿನಾ ಸಂಬಳದ ಕೆಲಸ ಮಾಡುವವರು ಮಾತ್ರ ಇದನ್ನು ಕೊಳ್ಳಬೇಡಿ. ಅವರಿಗೆ ಮಷಿನ್ ನಿಂತ ದಿನದ ನಷ್ಟವೇ ಬೆಲೆಯ ವ್ಯತ್ಯಾಸಕ್ಕಿಂತ ಜಾಸ್ತಿ.

ಮೊದಲು ಕೊಳ್ಳಬೇಕಾದದ್ದು ನಾಲ್ಕು ಇಂಚಿನ ಗ್ರೈಂಡರ್. ನಮ್ಮ ಅಂಗಡಿಗಳಲ್ಲಿ ಎಜಿ4 ಅಂದರೆ ಸಾಕು, ಮಲಯಾಳದಲ್ಲಿ ಕೇಳಿದರೂ ಅದೇ ಹೆಸರು. ಎರಡನೆಯದು ಡ್ರಿಲ್. ಮರದ ಕೆಲಸ, ಟೈಲ್ಸ್ ಕೆಲಸ ಇದ್ದರೆ ಆಮೇಲೆ ಮಾರ್ಬಲ್ ಕಟ್ಟರ್, ಅಂದರೆ ಸಿಎಂ4. ಒಂದೇ ಪೆಟ್ಟಿಗೆಯಲ್ಲಿ ನೂರು ಸಾಮಾನು ಕೊಡುವ ಸೆಟ್ ಬೇಡ. ಅದರಲ್ಲಿ ಡ್ರಿಲ್ ಒಂದು ಬಿಟ್ಟರೆ ಉಳಿದದ್ದು ಮೆತ್ತಗಿನ ಕಬ್ಬಿಣ, ಸ್ಕ್ರೂ ತಿರುಗಿಸಿದರೆ ಬಿಟ್‌ನ ತುದಿಯೇ ತಿರುಚಿಕೊಳ್ಳುತ್ತದೆ.

ಕಾಂಕ್ರೀಟ್ ಕೊರೆಯುವ ಎಸ್‌ಡಿಎಸ್ ಹ್ಯಾಮರ್ ಬೇಕೇ ಬೇಕು ಅಂತ ಹಲವರು ಅಂದುಕೊಂಡಿದ್ದಾರೆ. ನಮ್ಮ ಹೆಚ್ಚಿನ ಮನೆಗಳ ಗೋಡೆ ಮುರಕಲ್ಲಿನದ್ದು. ಮುರಕಲ್ಲು ಮೆತ್ತಗೆ, ಒಳಗೆ ತೂತು ತೂತು. ಹ್ಯಾಮರ್ ಹಾಕಿದರೆ ತೂತು ದೊಡ್ಡದಾಗಿ ಸ್ಕ್ರೂ ಕೂರಿಸುವ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ. ಸಾದಾ ಡ್ರಿಲ್‌ಗೆ ಗೋಡೆ ಕೊರೆಯುವ ಬಿಟ್ ಹಾಕಿ. ಹ್ಯಾಮರ್ ಚಿಹ್ನೆಯಿಂದ ಡ್ರಿಲ್ ಚಿಹ್ನೆಗೆ ತಿರುಗಿಸಿ, ನಿಧಾನ ಕೊರೆಯಿರಿ. ಪ್ಲಗ್ ಉದ್ದದ್ದು ಹಾಕಿ. ಸಿಮೆಂಟ್ ಗಾರೆ ಮಾತ್ರ ಹಿಡಿದುಕೊಂಡರೆ ಭಾರಕ್ಕೆ ಗಾರೆ ಸಮೇತ ಬೀಳುತ್ತದೆ, ಪ್ಲಗ್ ಕಲ್ಲಿನ ಒಳಗೆ ಹೋಗಬೇಕು. ಬೀಮು, ತಾರಸಿ ಕೊರೆಯುವ ಒಂದು ದಿನಕ್ಕೆ ಹ್ಯಾಮರ್ ಬಾಡಿಗೆಗೆ ತನ್ನಿ.

ಮರ ಕೊಯ್ಯುವ ಏಳು ಇಂಚಿನ ಸರ್ಕ್ಯುಲರ್ ಸಾ, ಚೈನ್ ಸಾ, ಇವೆರಡರಲ್ಲಿ ಅಗ್ಗದ್ದು ಬೇಡವೇ ಬೇಡ. ಸರ್ಕ್ಯುಲರ್ ಸಾದ ಬ್ಲೇಡ್ ಮುಚ್ಚುವ ಕೆಳಗಿನ ಗಾರ್ಡನ್ನು ಬೆರಳಿನಿಂದ ಎತ್ತಿ ಬಿಡಿ. ಪಟ್ಟನೆ ಮುಚ್ಚಿಕೊಳ್ಳಬೇಕು. ಸಿಕ್ಕಿಹಾಕಿಕೊಂಡರೆ ಆ ಮಷಿನ್ ಪುಕ್ಕಟೆ ಕೊಟ್ಟರೂ ಬಿಟ್ಟು ಬನ್ನಿ.

ಅಂಗಡಿಯಲ್ಲಿ ಏನು ನೋಡಬೇಕು?

ನಾನು ಆನ್‌ಲೈನ್‌ಗಿಂತ ಅಂಗಡಿಯನ್ನೇ ಇಷ್ಟಪಡುತ್ತೇನೆ. ಕಾಸರಗೋಡು ಪೇಟೆಯಲ್ಲಿ, ಕುಂಬಳೆಯಲ್ಲಿ, ಹೆಚ್ಚು ಆಯ್ಕೆ ಬೇಕಾದರೆ ಮಂಗಳೂರಿನಲ್ಲಿ, ಪುತ್ತೂರಿನಲ್ಲಿ ಮಷಿನ್ ಕೈಯಲ್ಲಿ ಹಿಡಿದು ನೋಡಬಹುದು. ಅಂಗಡಿಯವರಿಗೆ ಒಂದು ಪ್ರಶ್ನೆ ಮೊದಲು ಕೇಳಿ: "ಅಣ್ಣ, ಇದರ ಆರ್ಮೇಚರ್, ಕಾರ್ಬನ್, ಸ್ವಿಚ್ ನಿಮ್ಮಲ್ಲೇ ಸಿಗ್ತದಾ?" ಆರ್ಮೇಚರ್ ಅಂದರೆ ಮೋಟರಿನ ಒಳಗೆ ತಿರುಗುವ ಭಾಗ, ಕಾರ್ಬನ್ ಅಂದರೆ ಅದಕ್ಕೆ ಉಜ್ಜುತ್ತಾ ಕರೆಂಟ್ ಕೊಡುವ ತುಂಡು. ಡ್ರಾಯರ್ ಎಳೆದು ತೋರಿಸಿದರೆ ಅರ್ಧ ಕೆಲಸ ಆಯಿತು. ಹೆಸರೇ ಕೇಳದ ಕಂಪೆನಿಯ ಗ್ರೈಂಡರ್ ಆದರೂ ಒಳಗೆ ಇರುವುದು ಎಲ್ಲರೂ ನಕಲು ಮಾಡುವ ಎರಡು ಮೂರು ಮಾದರಿಗಳ ಸಾಮಾನು. 801 ಅಂತ ಕರೆಯುವ ಮಾದರಿ ಅದರಲ್ಲೊಂದು. ಈ ಮಾದರಿಗಳ ಆರ್ಮೇಚರ್ ಊರೂರಲ್ಲಿ ಸಿಗುತ್ತದೆ. ವಿಚಿತ್ರ ಆಕಾರದ ಮಷಿನ್ ನೋಡಲು ಚೆಂದ, ಒಂದು ಸ್ವಿಚ್ ಹೋದರೆ ಗುಜರಿಗೆ.

ವ್ಯಾಟ್ ಸಂಖ್ಯೆಯನ್ನು ನಂಬಿ ಕೊಳ್ಳಬೇಡಿ. ಅದು ಮಷಿನ್ ಎಳೆಯುವ ಕರೆಂಟಿನ ಲೆಕ್ಕ, ಡಿಸ್ಕಿಗೆ ಸಿಗುವ ಬಲದ್ದಲ್ಲ. ಎಳೆದದ್ದರಲ್ಲಿ ಒಂದು ಪಾಲು ಬಿಸಿಯಾಗಿಯೇ ಹೋಗುತ್ತದೆ. ಅದರ ಬದಲು ಒಂದೇ ಅಳತೆಯ ಎರಡು ಮಷಿನ್ ಕೈಯಲ್ಲಿ ತೂಗಿ ನೋಡಿ. ತಾಮ್ರ ಅಲ್ಯೂಮಿನಿಯಂಗಿಂತ ಮೂರು ಪಟ್ಟು ಭಾರ. ಸುತ್ತಿನಲ್ಲಿ ತಾಮ್ರ ಉಳಿಸಿದ್ದರೆ, ಕಬ್ಬಿಣದ ತಿರುಳು ಚಿಕ್ಕದು ಮಾಡಿದ್ದರೆ ಕೈಗೆ ಗೊತ್ತಾಗುತ್ತದೆ. ಭಾರದ್ದನ್ನು ಆರಿಸಿ.

ಆಮೇಲೆ ಅಂಗಡಿಯಲ್ಲೇ ಓಡಿಸಿ. ಎರಡು ಮೂರು ನಿಮಿಷ ಸುಮ್ನೆ ಓಡಲಿ. ಹಿಂಭಾಗದ ಗಾಳಿಕಿಂಡಿಯಿಂದ ಒಳಗೆ ನೋಡಿ. ಕಾರ್ಬನ್ ತಾಗುವಲ್ಲಿ ಸಣ್ಣ ನೀಲಿ ಕಿಡಿ ಸಹಜ. ಸುತ್ತಲೂ ಉಂಗುರದ ಹಾಗೆ ಬೆಂಕಿ ಓಡಿದರೆ ಬೇಡ. ಆಫ್ ಮಾಡಿದ ಮೇಲೆ ತಿರುಗುತ್ತಾ ನಿಲ್ಲುವ ಸದ್ದನ್ನು ಕೇಳಿ. ಮೋಟರಿನ ಗದ್ದಲ ಇಲ್ಲದ ಆ ಕೆಲವು ಸೆಕೆಂಡಿನಲ್ಲೇ ಬೇರಿಂಗ್ ಮತ್ತು ಗೇರಿನ ನಿಜ ಸ್ವರ ಕೇಳುವುದು. ಕರಕರ ಅಂದರೆ ಇನ್ನೊಂದು ತೆಗೆಸಿ. ಪ್ಲಗ್ ತೆಗೆದು ಡಿಸ್ಕ್ ಕೂರುವ ಶಾಫ್ಟನ್ನು ಹಿಡಿದು ಅಲ್ಲಾಡಿಸಿ, ಆಟ ಇರಬಾರದು. ಗಾರ್ಡ್ ಗಟ್ಟಿ ಕೂರುತ್ತದಾ, ಸ್ವಿಚ್ ಒಂದೇ ತಟ್ಟಿಗೆ ಆಫ್ ಆಗುತ್ತದಾ, ಕಾರ್ಬನ್ ತೆಗೆಯಲು ಹೊರಗಿನಿಂದಲೇ ಮುಚ್ಚಳ ಇದೆಯಾ, ಇವನ್ನೂ ನೋಡಿ.

ಮಷಿನಿನ ಪ್ಲೇಟಿನಲ್ಲಿ ಚೌಕದೊಳಗೆ ಚೌಕದ ಗುರುತು ಇದೆಯಾ ನೋಡಿ. ಡಬಲ್ ಇನ್ಸುಲೇಶನ್ ಅಂತ ಅದರ ಅರ್ಥ, ಅಂಥದ್ದಕ್ಕೆ ಎರಡು ಪಿನ್ನಿನ ಪ್ಲಗ್ ಸಾಕು. ಆ ಗುರುತೂ ಇಲ್ಲ, ಅರ್ತ್ ಪಿನ್ನೂ ಇಲ್ಲ ಅಂದರೆ ಮುಟ್ಟಬೇಡಿ. ಬಿಲ್ ತೆಗೆದುಕೊಳ್ಳಲು ಮರೆಯಬೇಡಿ, ಬಿಲ್ ಇಲ್ಲದೆ ವಾರಂಟಿ ಕೇಳಲು ಆಗುವುದಿಲ್ಲ.

ಬ್ಯಾಟರಿ ಮಷಿನ್, ಗಲ್ಫ್ ಮಷಿನ್

ಬ್ಯಾಟರಿ ಡ್ರಿಲ್ ಮೇಲೆ 18, 20, 21, 48, 88 ಅಂತ ಏನೇನೋ ವೋಲ್ಟ್ ಬರೆದಿರುತ್ತಾರೆ. ಒಳಗಿನ ಲಿಥಿಯಂ ಸೆಲ್ ಒಂದಕ್ಕೆ ಸಾಧಾರಣ 3.6 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2. ಐದು ಸೆಲ್ ಜೋಡಿಸಿದರೆ 18, ತುಂಬಿದಾಗ 21. ಅಂದರೆ 18, 20, 21 ಅಂತ ಮೂರು ಹೆಸರಿನಲ್ಲಿ ಮಾರುವುದು ಒಂದೇ ಬ್ಯಾಟರಿ. ಅದೇ ಗಾತ್ರದ ಪೆಟ್ಟಿಗೆಯ ಮೇಲೆ 88 ಅಂತ ಬರೆದಿದ್ದರೆ ಅದು ಬರೀ ಬಣ್ಣದ ಅಂಕೆ. 88 ವೋಲ್ಟಿಗೆ ಇಪ್ಪತ್ತು ಸೆಲ್ಲಿನ ಮೇಲೆ ಬೇಕು, ಅಷ್ಟು ಜಾಗ ಆ ಪೆಟ್ಟಿಗೆಯಲ್ಲಿ ಎಲ್ಲಿದೆ? ವೋಲ್ಟ್ ಬಿಟ್ಟು ಸೆಲ್ ಎಷ್ಟು ಅಂತ ಕೇಳಿ. ಹತ್ತು ಸೆಲ್ಲಿನದ್ದು ಐದು ಸೆಲ್ಲಿನದ್ದಕ್ಕಿಂತ ಹೆಚ್ಚು ಹೊತ್ತು ಬರುತ್ತದೆ, ತೂಕವೂ ಜಾಸ್ತಿ. ನನ್ನ ಅಭಿಪ್ರಾಯದಲ್ಲಿ ಮನೆಗೆ ಮೊದಲ ಡ್ರಿಲ್ ವಯರಿನದ್ದೇ ಒಳ್ಳೆಯದು. ಆರು ತಿಂಗಳು ಮುಟ್ಟದೆ ಇಟ್ಟರೂ ಅದು ಓಡುತ್ತದೆ. ಅಗ್ಗದ ಬ್ಯಾಟರಿ ಅಷ್ಟು ದಿನ ಖಾಲಿ ಬಿದ್ದಿದ್ದರೆ ಮತ್ತೆ ಚಾರ್ಜ್ ಹಿಡಿಯದೇ ಇರಬಹುದು.

ನಮ್ಮ ಕಡೆ ಪ್ರತಿ ಊರಿನಲ್ಲೂ ಗಲ್ಫಿನಿಂದ ಬಂದವರು ತಂದ ಮಷಿನ್ ಒಂದಾದರೂ ಇದೆ. ಒಳ್ಳೆಯ ಮಷಿನ್ ಕಡಿಮೆಗೆ ಸಿಕ್ಕರೆ ಬಿಡಬೇಡಿ. ಪ್ಲೇಟು ಮಾತ್ರ ಓದಿ. ದುಬೈ ಕಡೆಯದ್ದು ನಮ್ಮ ಹಾಗೆಯೇ 220ರಿಂದ 240 ವೋಲ್ಟ್, 50 ಹರ್ಟ್ಸ್. ಸೌದಿಯ ಹಳೆಯ ಮಷಿನ್‌ಗಳಲ್ಲಿ 110 ಅಥವಾ 127 ವೋಲ್ಟ್ ಇರಬಹುದು, ನಮ್ಮ 230ಕ್ಕೆ ಹಾಕಿದರೆ ಆ ಕ್ಷಣವೇ ಹೊಗೆ. 60 ಹರ್ಟ್ಸ್ ಅಂತ ಇದ್ದರೆ ಕಾರ್ಬನ್ ಇರುವ ಗ್ರೈಂಡರ್, ಡ್ರಿಲ್‌ಗೆ ಏನೂ ತೊಂದರೆ ಇಲ್ಲ. ಕಾರ್ಬನ್ ಇಲ್ಲದ ಬೆಂಚ್ ಗ್ರೈಂಡರ್, ಕಂಪ್ರೆಸರ್ ಆದರೆ ನಮ್ಮಲ್ಲಿ ನಿಧಾನ ತಿರುಗುತ್ತದೆ, ಬಿಸಿಯೂ ಆಗುತ್ತದೆ. ದಪ್ಪ ಮೂರು ಪಿನ್ನಿನ ಆ ಪ್ಲಗ್ಗನ್ನು ಕತ್ತರಿಸಿ ನಮ್ಮ ಪ್ಲಗ್ ಹಾಕಿಸಿ. ಪಿನ್ ಒತ್ತಿ ತುರುಕುವ ಕೆಲಸ ಬೇಡ.

ಡಿಸ್ಕ್: ಇಲ್ಲಿ ಕೈ ಬಿಗಿ ಹಿಡಿಯಬೇಡಿ

ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ. ಡಿಸ್ಕಿನ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಒಡೆದ ತುಂಡು ಅದೇ ವೇಗದಲ್ಲಿ ಹಾರುತ್ತದೆ.

ಡಿಸ್ಕಿನ ಮೇಲೆ ಗರಿಷ್ಠ ಸುತ್ತು ಬರೆದಿರುತ್ತದೆ. ನಾಲ್ಕು ಇಂಚಿನದ್ದರಲ್ಲಿ 15,000ಕ್ಕಿಂತ ಸ್ವಲ್ಪ ಹೆಚ್ಚು, ಏಳು ಇಂಚಿನದ್ದರಲ್ಲಿ 8,500ರ ಹತ್ತಿರ. ಗಾರ್ಡ್ ಬಿಚ್ಚಿ ನಾಲ್ಕು ಇಂಚಿನ ಮಷಿನಿಗೆ ದೊಡ್ಡ ಡಿಸ್ಕ್ ಹಾಕುವವರನ್ನು ನೋಡಿದ್ದೇನೆ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಅದು ಯಾಕೆ ಜೀವಕ್ಕೆ ಅಪಾಯ ಅಂತ ತಿಳಿಯುತ್ತದೆ.

ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಒತ್ತಿರುತ್ತದೆ. ಅದು ಡಿಸ್ಕಿನ ಕೊನೆಯ ದಿನಾಂಕ, ತಯಾರಾಗಿ ಸುಮಾರು ಮೂರು ವರ್ಷ. ಡಿಸ್ಕಿನ ಪುಡಿಯನ್ನು ಹಿಡಿದಿಡುವುದು ರಾಳದ ಅಂಟು. ತೇವ ತಾಗಿದರೆ ಅಂಟು ಸೋಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಹಾಕಿದ ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಎರಡು ಮಳೆಗಾಲ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಡಿಸ್ಕನ್ನು ನಾನು ಒಮ್ಮೆ ಹಾಕಿದೆ. ನೋಡಲು ಹೊಸದರ ಹಾಗೇ ಇತ್ತು. ಅರ್ಧ ಇಂಚು ಪೈಪು ಕತ್ತರಿಸುವಷ್ಟರಲ್ಲಿ ಒಡೆಯಿತು. ಒಂದು ತುಂಡು ಗಾರ್ಡಿಗೆ ಬಡಿದು ಅದನ್ನು ಬಗ್ಗಿಸಿತು. ಗಾರ್ಡ್ ಇಲ್ಲದಿದ್ದರೆ ಅದು ಬರುತ್ತಿದ್ದದ್ದು ನನ್ನ ಕುತ್ತಿಗೆಗೆ. ಆ ಬಗ್ಗಿದ ಗಾರ್ಡನ್ನು ಈಗಲೂ ಗೋಡೆಗೆ ನೇತುಹಾಕಿದ್ದೇನೆ, ಮಗ ಮಷಿನ್ ಎತ್ತಿಕೊಳ್ಳುವ ಮೊದಲು ಅದನ್ನು ನೋಡಲಿ ಅಂತ. ಅವತ್ತಿನಿಂದ ಡಿಸ್ಕ್‌ಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಚಪ್ಪಟೆಯಾಗಿ ಮಲಗಿಸಿ ಇಡುತ್ತೇನೆ. ಒಮ್ಮೆಗೆ ಹತ್ತಕ್ಕಿಂತ ಹೆಚ್ಚು ಕೊಳ್ಳುವುದಿಲ್ಲ. ಕೆಳಗೆ ಬಿದ್ದದ್ದನ್ನು ಬಳಸುವುದಿಲ್ಲ.

ಕಬ್ಬಿಣ ಕತ್ತರಿಸಲು ಒಂದು ಮಿ.ಮೀ. ಆಸುಪಾಸಿನ ತೆಳು ಡಿಸ್ಕ್. ಪೈಪು ಬೇಗ ತುಂಡಾಗುತ್ತದೆ, ಮೋಟರಿಗೂ ಕಷ್ಟ ಕಡಿಮೆ. ಅದರ ಬದಿಯಿಂದ ಉಜ್ಜಬಾರದು, ಉಜ್ಜಲು ದಪ್ಪ ಡಿಸ್ಕ್ ಬೇರೆ ಇದೆ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕಲೇಬೇಡಿ. ಹಲ್ಲು ಮರಕ್ಕೆ ಸಿಕ್ಕಿದರೆ ಮಷಿನ್ ಕೈಯಿಂದ ಎಗರುತ್ತದೆ, ಹಿಡಿದಿಡಲು ತಳದ ಪ್ಲೇಟ್ ಇಲ್ಲ. ಆಚಾರಿಗಳು ಸಿಎಂ4ಗೆ ಹಾಕಿ ರೀಪು ಕೊಯ್ಯುತ್ತಾರಲ್ಲ, ಅದಕ್ಕೆ ತಳದ ಪ್ಲೇಟ್ ಇದೆ. ಆದರೂ ಅದು ಕಲ್ಲು ಕತ್ತರಿಸಲು ಮಾಡಿದ್ದು, ಬ್ಲೇಡ್ ಹೊರಗೆ ಬಂದಾಗ ಮುಚ್ಚಿಕೊಳ್ಳುವ ಗಾರ್ಡ್ ಅದರಲ್ಲಿಲ್ಲ. ಮರದ ಕೆಲಸ ಜಾಸ್ತಿ ಇದ್ದರೆ ಒಳ್ಳೆಯ ಕಂಪೆನಿಯ ಸರ್ಕ್ಯುಲರ್ ಸಾ ಕೊಳ್ಳುವುದೇ ಸರಿ. ಹಳೆಯ ಪಕ್ಕಾಸು ಕೊಯ್ಯುವ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ.

ವಯರ್ ಮತ್ತು ಪ್ಲಗ್

ಅಗ್ಗದ ಮಷಿನ್ ಸುಡಲು ಅರ್ಧ ಕಾರಣ ಎಕ್ಸ್‌ಟೆನ್ಶನ್ ವಯರ್. ಮನೆಯಿಂದ ಪಂಪ್ ಶೆಡ್ಡಿಗೆ 30 ಮೀಟರ್ ಎಳೆಯುತ್ತೇವೆ. 0.75 ಚದರ ಮಿ.ಮೀ. ತೆಳು ವಯರಿನಲ್ಲಿ 9 ಆಂಪ್ ಎಳೆಯುವ, ಕಬ್ಬಿಣ ಕತ್ತರಿಸುವ 14 ಇಂಚಿನ ಕಟ್ ಆಫ್ ಮಷಿನ್ ಹಾಕಿದರೆ ದಾರಿಯಲ್ಲೇ ಸುಮಾರು 14 ವೋಲ್ಟ್ ಕಳೆದುಹೋಗುತ್ತದೆ. 1.5 ಚದರ ಮಿ.ಮೀ. ಆದರೆ ಅದರ ಅರ್ಧ. ಸಂಜೆ ಹೊತ್ತು ಮನೆಗೆ ಬರುವುದೇ 200 ವೋಲ್ಟ್ ಆದರೆ ಈ ವ್ಯತ್ಯಾಸ ದೊಡ್ಡದು. ಗ್ರೈಂಡರ್, ಡ್ರಿಲ್‌ಗೆ 1.5ರ ವಯರ್ ಸಾಕು. ಕಟ್ ಆಫ್, ವೆಲ್ಡಿಂಗ್‌ಗೆ 2.5 ಬೇಕು, ಪ್ಲಗ್ಗೂ 16 ಆಂಪಿನದ್ದೇ ಆಗಬೇಕು. ವಯರನ್ನು ಪೂರ್ತಿ ಬಿಚ್ಚಿ ಬಳಸಿ. ಸುರುಳಿಯಲ್ಲೇ ಬಿಟ್ಟರೆ ಒಳಗೆ ಬಿಸಿ ತುಂಬಿ ಪ್ಲಾಸ್ಟಿಕ್ ಕರಗುತ್ತದೆ.

ಮನೆಯ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿನ ಆರ್‌ಸಿಸಿಬಿ ಇಲ್ಲದಿದ್ದರೆ ಮಷಿನಿಗೂ ಮೊದಲು ಅದನ್ನು ಹಾಕಿಸಿ. ನಮ್ಮದು ಒದ್ದೆ ನೆಲ, ಕೆಲಸ ಹೆಚ್ಚಾಗಿ ಬರಿಗಾಲಲ್ಲಿ. ಪರೀಕ್ಷೆಯ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ.

ತಂದ ದಿನ

ಹೊಸ ಕಾರ್ಬನ್ ಚಪ್ಪಟೆ ಇರುತ್ತದೆ, ಅದು ತಾಗುವ ಜಾಗ ದುಂಡಗೆ. ಎರಡೂ ಹೊಂದಿಕೊಳ್ಳುವವರೆಗೆ ಕಿಡಿ ಜಾಸ್ತಿ. ಅದಕ್ಕೇ ಮೊದಲ ದಿನ ಡಿಸ್ಕ್ ಇಲ್ಲದೆ ಐದು ನಿಮಿಷ ಓಡಿಸಿ, ತಣಿಯಲು ಬಿಡಿ, ಮತ್ತೆ ಐದು ನಿಮಿಷ. ಹೀಗೆ ಮೂರು ನಾಲ್ಕು ಸಲ.

ಮುಂದಿನದ್ದು ಗ್ರೀಸ್. ಅಗ್ಗದ ಮಷಿನ್‌ಗಳ ಗೇರ್ ಪೆಟ್ಟಿಗೆಯಲ್ಲಿ ಒಂದು ಬೆರಳಿನಷ್ಟು ಗ್ರೀಸ್ ಇದ್ದರೆ ಪುಣ್ಯ. ಬಿಚ್ಚಿದರೆ ವಾರಂಟಿ ಹೋಗುತ್ತದಾ ಅಂತ ಅಂಗಡಿಯಲ್ಲೇ ಕೇಳಿಕೊಳ್ಳಿ, ಕೆಲವರು ತಾವೇ ಹಾಕಿಕೊಡುತ್ತಾರೆ. ಗ್ರೈಂಡರಿನ ಮುಂಭಾಗದ ನಾಲ್ಕು ಸ್ಕ್ರೂ ತೆಗೆದರೆ ಗೇರ್ ಕಾಣುತ್ತದೆ. ಹಲ್ಲುಗಳಿಗೆ ಲಿಥಿಯಂ ಗ್ರೀಸ್ ಸವರಿ, ಪೆಟ್ಟಿಗೆ ಅರ್ಧ ತುಂಬಿದರೆ ಸಾಕು. ಪೂರ್ತಿ ತುಂಬಿದರೆ ಬಿಸಿಗೆ ಹಿಗ್ಗಿ ಮೋಟರಿನ ಕಡೆಗೆ ಹರಿಯುತ್ತದೆ.

ಕೆಲಸ ಮಾಡುವಾಗ

ಈ ಮೋಟರಿನ ಫ್ಯಾನ್ ಅದೇ ಶಾಫ್ಟಿನ ಮೇಲೆ ಕೂತಿದೆ. ನೀವು ಒತ್ತಿದಷ್ಟೂ ಮೋಟರ್ ನಿಧಾನವಾಗುತ್ತದೆ. ನಿಧಾನವಾದಷ್ಟೂ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಆಗಲೇ ಗಾಳಿ ಜಾಸ್ತಿ ಬೇಕು, ಆದರೆ ಫ್ಯಾನೂ ನಿಧಾನ. ಆರ್ಮೇಚರ್ ಸುಡುವುದು ಹೀಗೆ. ಆದ್ದರಿಂದ ಸದ್ದನ್ನು ಕೇಳುತ್ತಾ ಕೆಲಸ ಮಾಡಿ. ಸ್ವರ ಇಳಿಯಿತು ಅಂದರೆ ಕೈ ಸಡಿಲಿಸಿ. ಎರಡು ಮೂರು ನಿಮಿಷ ಕತ್ತರಿಸಿದ ಮೇಲೆ ಒಮ್ಮೆಲೇ ಆಫ್ ಮಾಡಬೇಡಿ. ಎತ್ತಿ ಹಿಡಿದು ಅರ್ಧ ನಿಮಿಷ ಖಾಲಿ ಓಡಿಸಿ, ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಸಾವಿರದ ಚಿಲ್ಲರೆಯ ಮಷಿನನ್ನು ವರ್ಷಗಟ್ಟಲೆ ಓಡಿಸುವ ಗುಟ್ಟು ಇದೊಂದೇ.

ಸೋಲಾರ್ ಗೂಡಿನ ಸತು ಲೇಪಿಸಿದ ಜಿಐ ಪೈಪು ಕತ್ತರಿಸುವುದನ್ನೇ ತೆಗೆದುಕೊಳ್ಳಿ. ಗುರುತು ಹಾಕಿ, ಪೈಪನ್ನು ಎರಡು ಮರದ ತುಂಡಿನ ಮೇಲೆ ಇಡಿ. ಕತ್ತರಿಸುವ ಜಾಗ ಎರಡರ ನಡುವೆ ಬರಬಾರದು. ಬಂದರೆ ಪೈಪು ಕೆಳಗೆ ಬಗ್ಗಿ ಡಿಸ್ಕನ್ನು ಕಚ್ಚುತ್ತದೆ, ಮಷಿನ್ ಹಿಂದಕ್ಕೆ ಎಗರುತ್ತದೆ. ಬೇಡದ ತುದಿ ಹೊರಗೆ ನೇತಾಡಲಿ, ತುಂಡಾದ ಕೂಡಲೇ ಬೀಳಲಿ. ಬೇಕಾದ ಭಾಗವನ್ನು ಕ್ಲಾಂಪಿನಿಂದ ಬಿಗಿಯಿರಿ, ಕಾಲಿನಲ್ಲಿ ಮೆಟ್ಟಿ ಹಿಡಿಯಬೇಡಿ. ಡಿಸ್ಕಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ, ಎರಡೂ ಕೈಯಲ್ಲಿ ಹಿಡಿಯಿರಿ. ವೆಲ್ಡಿಂಗ್ ಮಾಡುವುದಿದ್ದರೆ ತುದಿಯ ಸತುವಿನ ಲೇಪವನ್ನು ಒಂದು ಇಂಚು ಉಜ್ಜಿ ತೆಗೆಯಿರಿ, ಬಯಲಲ್ಲೇ ಮಾಡಿ. ಸತುವಿನ ಬಿಳಿ ಹೊಗೆ ಕುಡಿದರೆ ಅದೇ ರಾತ್ರಿ ಚಳಿಜ್ವರ ಬರುತ್ತದೆ.

ಲುಂಗಿ, ಮುಂಡು ಉಟ್ಟು ಗ್ರೈಂಡರ್ ಹಿಡಿಯುವ ಅಭ್ಯಾಸ ನಮ್ಮಲ್ಲಿ ಎಲ್ಲೆಲ್ಲೂ ಇದೆ. ದಯವಿಟ್ಟು ಬಿಡಿ. ಬಟ್ಟೆಯ ತುದಿ ಡಿಸ್ಕಿಗೆ ಸಿಕ್ಕಿದರೆ ಮಷಿನನ್ನು ತೊಡೆಗೇ ಎಳೆದು ತರುತ್ತದೆ. ಪ್ಯಾಂಟ್, ಬೂಟು, ಬದಿ ಮುಚ್ಚಿದ ಕನ್ನಡಕ. ಡ್ರಿಲ್ ಹಿಡಿಯುವಾಗ ಬಟ್ಟೆಯ ಕೈಗವಸು ಬೇಡ, ಬಿಟ್ ಅದನ್ನು ಸುತ್ತಿಕೊಳ್ಳುತ್ತದೆ. ಕಿಡಿ ಹಾರುವ ದಿಕ್ಕಿನಲ್ಲಿ ಒಣ ಮಡಲು, ಬೈಹುಲ್ಲು, ಅಡಿಕೆ ಸಿಪ್ಪೆ ಇರಬಾರದು. ಸಿಪ್ಪೆಯ ರಾಶಿಗೆ ಬಿದ್ದ ಕಿಡಿ ಒಳಗೊಳಗೇ ಹೊಗೆಯಾಡಿ ಗಂಟೆಗಳ ಮೇಲೆ ಹತ್ತಿಕೊಳ್ಳಬಹುದು. ಕೆಲಸ ಮುಗಿದ ಮೇಲೂ ಒಂದು ಸುತ್ತು ನೋಡಿ ಬನ್ನಿ.

ಡ್ರಿಲ್‌ನಲ್ಲಿ ಎಲ್ಲರೂ ಮಾಡುವ ತಪ್ಪು ವೇಗ. ಅಗ್ಗದ ಡ್ರಿಲ್ ಪೂರ್ತಿ ಒತ್ತಿದರೆ ನಿಮಿಷಕ್ಕೆ 2,800 ಸುತ್ತು ತಿರುಗುತ್ತದೆ. 10 ಮಿ.ಮೀ. ಬಿಟ್‌ನಿಂದ ಕಬ್ಬಿಣ ಕೊರೆಯಲು ಬೇಕಾದದ್ದು 800ರ ಆಸುಪಾಸು. ವೇಗ ಜಾಸ್ತಿಯಾದರೆ ಬಿಟ್‌ನ ತುದಿ ನೀಲಿಯಾಗುತ್ತದೆ, ಆಮೇಲೆ ಅದು ಕೊರೆಯುವುದಿಲ್ಲ, ಉಜ್ಜುತ್ತದೆ ಅಷ್ಟೆ. ಮೊದಲು ಪಂಚ್‌ನಿಂದ ಒಂದು ಗುಳಿ, ಆಮೇಲೆ 4 ಮಿ.ಮೀ. ತೂತು, ಕೊನೆಗೆ ದೊಡ್ಡ ಬಿಟ್. ನಿಧಾನ ತಿರುಗಿಸಿ, ಗಟ್ಟಿ ಒತ್ತಿ, ನಾಲ್ಕು ಹನಿ ಎಣ್ಣೆ ಬಿಡಿ. ತೆಂಗಿನೆಣ್ಣೆಯಾದರೂ ನಡೆಯುತ್ತದೆ. ಗ್ರೈಂಡರಿನಲ್ಲಿ ಒತ್ತಬಾರದು, ಕಬ್ಬಿಣ ಕೊರೆಯುವಾಗ ಒತ್ತಬೇಕು.

ಕತ್ತಿ ಮಸೆಯುವಾಗಲೂ ನೀಲಿ ಬಣ್ಣವೇ ಶತ್ರು. ಬಾಯಿ ನೀಲಿಯಾಯಿತು ಅಂದರೆ ಹದ ಇಳಿಯಿತು. ಒಂದೇ ಎಳೆತ ಎಳೆದು ಬೆರಳಿಟ್ಟು ನೋಡಿ, ಬಿಸಿ ಅನ್ನಿಸಿದರೆ ನೀರಿಗೆ ಅದ್ದಿ.

ಮುರಕಲ್ಲು, ಗ್ರಾನೈಟ್, ಟೈಲ್ಸ್ ಕತ್ತರಿಸುವ ಧೂಳು ಪುಪ್ಪುಸದಲ್ಲಿ ಉಳಿದುಬಿಡುತ್ತದೆ. ಮುಖಕ್ಕೆ ತೋರ್ತು ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಹಾಕಿ.

ಮಳೆಗಾಲಕ್ಕೆ ಎತ್ತಿಡುವುದು

ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಎಲ್ಲ ಮಷಿನ್ ಒಮ್ಮೆ ಹೊರಗೆ ತೆಗೆಯುತ್ತೇನೆ. ಗಾಳಿಕಿಂಡಿಗೆ ಬ್ಲೋವರ್ ಹಿಡಿದು ಕಬ್ಬಿಣದ ಪುಡಿ, ಕೆಂಪು ಧೂಳು ಊದಿಸುತ್ತೇನೆ. ಕಬ್ಬಿಣದ ಪುಡಿ ತೇವ ಹಿಡಿದರೆ ಸುತ್ತಿನ ಮಧ್ಯೆ ಕರೆಂಟ್ ಹರಿಯಲು ದಾರಿಯಾಗುತ್ತದೆ. ಕಾರ್ಬನ್ ತೆಗೆದು ಅಳೆಯುತ್ತೇನೆ. 5 ಮಿ.ಮೀ.ಗೆ ಬಂದಿದ್ದರೆ ಜೋಡಿಯನ್ನೇ ಬದಲಿಸುತ್ತೇನೆ, ಒಂದನ್ನು ಮಾತ್ರ ಅಲ್ಲ. ಚಕ್, ಶಾಫ್ಟಿಗೆ ತೆಳ್ಳಗೆ ಎಣ್ಣೆ ಸವರಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಣ ಇದ್ದಲಿನ ಗಂಟಿನ ಜೊತೆ ಇಡುತ್ತೇನೆ. ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಬಿಚ್ಚಿ ಮನೆಯೊಳಗೆ ಇಡುವುದು.

ಆಟಿ ತಿಂಗಳಲ್ಲಿ ಬಿಸಿಲು ಬಂದ ಒಂದು ದಿನ ತೆಗೆದು ಹತ್ತು ನಿಮಿಷ ಖಾಲಿ ಓಡಿಸಿದರೆ ಒಳಗಿನ ತೇವ ಆರುತ್ತದೆ. ಮಳೆ ಮುಗಿದು ಮೊದಲ ಸಲ ಹಾಕುವಾಗ ಒಂದು ಇಡೀ ದಿನ ಬಿಸಿಲಿಗಿಡಿ. ಆಮೇಲೆ ಪ್ಲಗ್ ಹಾಕಿದಾಗ ಆರ್‌ಸಿಸಿಬಿ ಬಿದ್ದರೆ ಮತ್ತೆ ಎತ್ತಿ ಪ್ರಯತ್ನಿಸಬೇಡಿ. ಇನ್ನೊಂದು ದಿನ ಒಣಗಿಸಿ ನೋಡಿ, ಆಗಲೂ ಬಿದ್ದರೆ ವೈಂಡಿಂಗ್ ಅಂಗಡಿಗೆ ಕೊಡಿ. ಅಕ್ಟೋಬರ್, ನವೆಂಬರಿನ ಸಂಜೆ ಗುಡುಗು ಶುರುವಾದ ಕೂಡಲೇ ಪ್ಲಗ್ ಕಿತ್ತು ಬಿಡಿ, ಚಾರ್ಜರನ್ನೂ.